ಗಾಳಿ ನೋಡಿ ಬೆಲೆ ಹೇಳುವ ದೇವಿಂದ್ರ
ಕೆಂಭಾವಿ ಸಂತೆಯ ದಿನ ದೇವಿಂದ್ರನ ರಿಪೇರಿ ಅಂಗಡಿಗೆ ಹಳೆಯ ಹಾರ್ಮೋನಿಯಂ ಬಂದರೆ, ಅವನು ಮೊದಲು ಕಣ್ಣು ಮುಚ್ಚಿ ಅದರ ತಿದಿಯ ಗಾಳಿಯನ್ನು ಕೆನ್ನೆಯ ಮೇಲೆ ಬಿಟ್ಟುಕೊಳ್ಳುತ್ತಾನೆ. ‘ಇದು ಊರಾಗ ಕಾಲುವಿ ನೀರು ಬರೋಕಿಂತ ಮೊದಲಿಂದರಿ, ಗಾಳ್ಯಾಗ ಇನ್ನೂ ಹಸಿ ಸೇರಿಲ್ಲ’ ಎಂದು ನಿದ್ದೆಯಲ್ಲಿದ್ದವನಂತೆ ಗೊಣಗಿ, ಆಮೇಲೆ ಬೆಲೆ ಹೇಳುತ್ತಾನೆ. ಆ ಮಾತಿಗೆ ಸುರಪುರದ ತನಕ ಯಾರೂ ಎದುರಾಡುವುದಿಲ್ಲ. ಅಂಗಡಿಯ ಗೋಡೆಯ ಮಾಡದೊಳಗಿನ ಪುಟ್ಟ ಅಕಾರ್ಡಿಯನ್ನಿನ ಬೆಲೆ ಕೇಳಿದರೆ ಮಾತ್ರ ಅವನ ವರಸೆಯೇ ಬೇರೆ. ತಿದಿ ಹರಿದಿದೆ, ಮೂರು ಸ್ವರ ಮೂಕವಾಗಿವೆ, ನೂರು ರೂಪಾಯಿಗೂ ದುಬಾರಿ ಎಂದು ತಾನೇ ಹಳಿಯುತ್ತಾನೆ. ‘ಹಂಗಾದ್ರ ನೂರಕ್ಕ ಕೊಡ್ರಿ’ ಎಂದಳು ಈ ವಾರ ಸಂತೆಗೆ ಬಂದ ಶೇಖಮ್ಮ. ‘ಕೊಡಾಕ ಬರಂಗಿಲ್ಲವ್ವ. ರಿಪೇರಿಗಿ ಬಿಟ್ಟುಹೋದ ಹುಡುಗ ಇನ್ನೂ ಒಯ್ಯಾಕ ಬಂದಿಲ್ಲ’ ಎಂದ ದೇವಿಂದ್ರ. ಶೇಖಮ್ಮ ಅಕಾರ್ಡಿಯನ್ನಿನ ಧೂಳು ಒರೆಸಿದಳು. ಅದರ ಹೆಗಲಪಟ್ಟಿಯ ಮೇಲೆ ಸೊಟ್ಟ ಅಕ್ಷರಗಳಲ್ಲಿ ಬರೆದಿತ್ತು: ದೇವಿಂದ್ರ, ಮೂರನೇ ಕ್ಲಾಸು.