ಅಪ್ಪ ನೀರು ಬಿಟ್ಟ ಮೈದಾನ

ನಾನು ಫುಟ್‌ಬಾಲಿನಲ್ಲಿ ಸೆಂಟರ್ ಫಾರ್ವರ್ಡ್. ಗೋಲು ಹೊಡೆಯುವುದು ನನ್ನ ಕೆಲಸ, ಅದನ್ನು ಚೆನ್ನಾಗಿಯೇ ಮಾಡಿದೆ. ಜಂಭ ಅಂತೀರಾ? ಅನ್ನಿ. ಮೈಸೂರು, ಬೆಂಗಳೂರು, ಮದರಾಸಿನವರೆಗೂ ಹೋಗಿ ಗೆದ್ದು ಬಂದ ಈ ಕಾಲು ಮೊದಲು ಹೆಸರು ಮಾಡಿದ್ದು ಮಂಡ್ಯದ ಕೆಸರಿನಲ್ಲಿ. ಆ ಕೆಸರು ಮಾಡಿದವರು ನಮ್ಮಪ್ಪ.

ಅಪ್ಪ ನೀರುಗಂಟಿ. ನಾಲೆಯ ನೀರನ್ನು ಯಾರ ಗದ್ದೆಗೆ ಯಾವಾಗ ಬಿಡಬೇಕೆಂದು ನೋಡಿಕೊಳ್ಳುವವರು. ಅವರ ಕೆಲಸದಲ್ಲಿ ಯಾರೂ ಎತ್ತಿ ಆಡಿದ್ದಿಲ್ಲ. ನನ್ನ ಚೆಂಡಾಟ ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ.

ಯುದ್ಧದ ಕಾಲ. ಬೆಂಗಳೂರಿನಿಂದ ಸಿಪಾಯಿಗಳ ಟೀಮೊಂದು ಬೂಟು ಹಾಕಿಕೊಂಡು ನಮ್ಮ ಮೇಲೆ ಆಡಲು ಬಂತು. ನಮ್ಮದೋ ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಕಲೆಹಾಕಿದ ಬರಿಗಾಲಿನ ಟೀಮು. ಮೈದಾನದ ತುಂಬ ಧೂಳು. ಬಂದವರಿಗೆ ತೊಂದರೆಯಾಗಬಾರದೆಂದು ಊರಿನ ಯಜಮಾನರು ಹಿಂದಿನ ದಿನ ಅಪ್ಪನಿಗೆ ಒಂದಿಷ್ಟು ನೀರು ಹಾಯಿಸಲು ಹೇಳಿದ್ದರು. ಒಣನೆಲ ಕಂಡರೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ಅಪ್ಪ ಸುತ್ತ ಬದು ಕಟ್ಟಿ, ಭತ್ತದ ನಾಟಿಗೆ ಬಿಡುವ ಹಾಗೆ ಬಿಟ್ಟುಬಿಟ್ಟರು.

ಸಿಪಾಯಿಗಳು ನೋಡಿ ನಕ್ಕರು. ಯಜಮಾನರಿಗೆ ಅವಮಾನವಾಯಿತು. ಎಲ್ಲರೆದುರು ಅಪ್ಪನನ್ನು ಹಿಡಿದುಕೊಂಡರು.

"ಚೆಂಡಾಡಕ್ಕೆ ಕರುದ್ರೆ ಗದ್ದೆ ಮಾಡಿ ಮಡಗಿದ್ದೀಯಲ್ಲಯ್ಯ. ಇವತ್ತು ಮಾನ ಓದ್ರೆ ನಾಳೆಯಿಂದ ನೀನು ತೂಬು ಮುಟ್ಬೇಡ."

ಅಪ್ಪ ಗುದ್ದಲಿ ತಂದು ಬದು ಒಡೆದು ನೀರು ಹೊರಗೆ ಬಿಟ್ಟರು. ನೀರೇನೋ ಹೋಯಿತು, ಕೆಸರು ಉಳಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಪ್ಪನನ್ನು ಬೈಯಲು ಇವರ್ಯಾರು?

ನನ್ನ ಪಕ್ಕದಲ್ಲಿ ಆಡುತ್ತಿದ್ದವನು ಮಳವಳ್ಳಿಯ ಸೈಕಲ್ ಷಾಪಿನ ಸಾಬರ ಮಗ. ಅವನು ನನ್ನ ಭುಜ ತಟ್ಟಿದ. "ಯಾಕ್ಲಾ ಮುಖ ಊದಿಸ್ಕೊಂಡಿದ್ದೀಯ? ಕೆಸರಲ್ಲಿ ಬೂಟು ಓಡ್ತದಾ? ಆಡು ಬಾ."

ಅವನು ಹೇಳಿದ ಹಾಗೇ ಆಯಿತು. ಬೂಟುಗಳು ಹೂತುಕೊಂಡವು, ಸಿಪಾಯಿಗಳು ಜಾರಿ ಜಾರಿ ಬಿದ್ದರು. ಆದರೂ ಗಟ್ಟಿ ಆಳುಗಳು, ಗೋಲು ಬಿಟ್ಟುಕೊಡಲಿಲ್ಲ. ಆಟ ಮುಗಿಯುವ ಹೊತ್ತಿಗೆ ಅವರಲ್ಲೊಬ್ಬ ಚೆಂಡನ್ನು ಹಿಂದಕ್ಕೆ ತಮ್ಮ ಗೋಲ್‌ಕೀಪರಿಗೆ ಒದ್ದ. ಅದು ಉರುಳುತ್ತದೆ ಎಂದುಕೊಂಡಿದ್ದ, ಪಾಪ. ಚೆಂಡು ಕೆಸರಿನಲ್ಲಿ ಕಚ್ಚಿಕೊಂಡು ನಿಂತಿತು. ಅದು ಅಲ್ಲೇ ನಿಲ್ಲುತ್ತದೆಂದು ಗೊತ್ತಿದ್ದ ನಾನು ಆಗಲೇ ಓಡುತ್ತಿದ್ದೆ. ಉಂಗುಷ್ಠದಿಂದ ಎತ್ತಿ ಗೋಲ್‌ಕೀಪರನ ತಲೆಯ ಮೇಲಿಂದ ಗೋಲಿನೊಳಕ್ಕೆ ಹಾಕಿದೆ. ಅದೊಂದೇ ಗೋಲಿನಿಂದ ಗೆದ್ದೆವು.

ಯಜಮಾನರು ಹಾರ ಹಿಡಿದು ಬಂದರು. ನಾನು ಅದನ್ನು ಕೊರಳಿಗೆ ಹಾಕಿಸಿಕೊಳ್ಳದೆ ಕೈಯಲ್ಲಿ ಇಸಿದುಕೊಂಡು ಬದುವಿನ ಹತ್ತಿರ ಹೋದೆ. ಗುದ್ದಲಿ ಹಿಡಿದು ನಿಂತಿದ್ದ ಅಪ್ಪನಿಗೆ ಹಾಕಿದೆ.

"ನೀರು ಎಚ್ಚಾಗಿತ್ತೇನ್ಲಾ?" ಅಂದರು.

"ಸರಿಯಾಗಿತ್ತು ಕಣಪ್ಪ."

ಆಮೇಲೆ ನಾನೂ ಬೂಟು ಹಾಕಿದೆ, ದೊಡ್ಡ ಊರುಗಳಲ್ಲಿ ಆಡಿದೆ, ಪೇಪರಿನಲ್ಲಿ ಫೋಟೋ ಬಂತು. ಪ್ರತಿ ಸಲ ಕಪ್ಪು ಹಿಡಿದು ಮನೆಗೆ ಬಂದಾಗಲೂ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಒಂದೇ ಮಾತು ಕೇಳುತ್ತಿದ್ದರು.

"ಅಲ್ಲಿ ನೀರು ಬುಟ್ಟೋರು ಯಾರ್ಲಾ?"

"ಯಾರೂ ಬುಡ್ನಿಲ್ಲ ಕಣಪ್ಪ, ಒಣನೆಲ."

"ನೀರಿಲ್ದಲೇ ಗೆದ್ಯಾ? ಪರವಾಗಿಲ್ಲ ಬುಡು, ನೀನೂ ಆಡ್ತೀಯ."