ಎರಡನೇ ಮಹಡಿಯ ಚೀಟಿಗಳು

ಆಗಿನ್ನೂ ಫೋನುಗಳು ನಮಗೆ ಪರಭಾಷೆ ಓದಿ ಹೇಳುತ್ತಿರಲಿಲ್ಲ. ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನ ನಮ್ಮ ಮನೆಯಲ್ಲಿ ಸ್ವೀಡಿಷ್ ಬರುತ್ತಿದ್ದದ್ದು ಒಂಬತ್ತು ವರ್ಷದ ನನಗೊಬ್ಬಳಿಗೇ. ಅಪ್ಪನಿಗೆ ಎಂಜಿನ್ ಕಾರ್ಖಾನೆಯಲ್ಲಿ ಇಂಗ್ಲಿಷ್ ಸಾಕಾಗುತ್ತಿತ್ತು. ಅಮ್ಮನಿಗೆ ಮಾತಾಡಲು ಆ ಊರಿನಲ್ಲಿ ಯಾರೂ ಇರಲಿಲ್ಲ. ನಮ್ಮ ಅಕ್ಕಪಕ್ಕದವರೋ, ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟು, ಮೆಟ್ಟಿಲ ಮೇಲೆ ನರಪಿಳ್ಳೆಯೂ ಇಲ್ಲವೆಂದು ಖಾತ್ರಿಯಾದ ಮೇಲೆ ಕಸ ಹಾಕಲು ಹೊರಡುವ ಜನ.

ಬಟ್ಟೆ ಒಗೆಯಲು ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಕೋಣೆ. ನಮ್ಮ ಸರದಿ ಭಾನುವಾರ ಮಧ್ಯಾಹ್ನ, ಒಟ್ಟು ಮೂರು ತಾಸು. ಕಿಟಕಿಯಿಲ್ಲ. ಸೋಪಿನ ವಾಸನೆ, ಬಿಸಿ ಗಾಳಿ, ಯಂತ್ರದ ಗಿರಗಿರ. ಬಟ್ಟೆಯ ಬುಟ್ಟಿಯಲ್ಲಿ ಕೂತು ಅಮ್ಮನಿಂದ ತಳ್ಳಿಸಿಕೊಳ್ಳುವುದೊಂದೇ ಆಟ. ಜೈಲು ಹೀಗೇ ಇರುತ್ತದೆ ಎಂದು ನಾನು ನಂಬಿದ್ದೆ.

ಒಂದು ಭಾನುವಾರ ಗೋಡೆಯ ಮೇಲೆ ಚೀಟಿಯೊಂದು ಅಂಟಿತ್ತು. ‘ಭಾನುವಾರದವರೇ, ಒಣಗಿಸುವ ಯಂತ್ರದ ಜಾಲರಿಯಲ್ಲಿ ನಿಮ್ಮ ನೂಲುಕಸ ಬಿಟ್ಟು ಹೋಗಬೇಡಿ! ಇಲ್ಲಿ ನೀವೊಬ್ಬರೇ ಇಲ್ಲ! ಬಿರ್ಗಿಟ್ಟಾ, ಎರಡನೇ ಮಹಡಿ.’

“ಏನಂತೆ ಪುಟ್ಟಿ?” ಅಮ್ಮನ ಮುಖ ಅರಳಿತ್ತು. ಆ ಊರಿನಲ್ಲಿ ಅವಳಿಗೆ ಬಂದ ಮೊದಲ ಕಾಗದ ಅದು.

“ನಿನ್ ಬಟ್ಟೆ ತುಂಬಾ ಘಮ್ಮಂತಿರುತ್ತಂತೆ,” ಎಂದುಬಿಟ್ಟೆ.

ಜಾಲರಿಯನ್ನು ನಾನೇ ಗುಟ್ಟಾಗಿ ಉಜ್ಜಿದೆ. ಆದರೂ ಆ ಚಳಿಗಾಲದಲ್ಲಿ ಇನ್ನೂ ಮೂರು ಚೀಟಿ ಬಂದವು, ಒಂದಕ್ಕಿಂತ ಒಂದು ಖಾರ. ನಾನು ಹೇಳಿದ ಅರ್ಥ ಮಾತ್ರ ಒಂದಕ್ಕಿಂತ ಒಂದು ಸಿಹಿ. ಅಮ್ಮ ನಾಲ್ಕನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿ, ಊರಿಗೆ ಫೋನ್ ಮಾಡಿ “ನಂಗೂ ಇಲ್ಲೊಬ್ರು ಫ್ರೆಂಡ್ ಆಗಿದಾರೆ” ಎಂದಳು. ನಾನು ನಿಜ ಹೇಳಿದರೆ ಅವಳ ಒಬ್ಬಳೇ ಗೆಳತಿ ಕೈತಪ್ಪುತ್ತಿದ್ದಳು.

ಮುಂದಿನ ಶನಿವಾರ ಅಮ್ಮ ಕೋಡುಬಳೆ ಕರಿದಳು. “ಬಾ, ಬಿರ್ಗಿಟ್ಟಾ ಆಂಟಿಗೆ ಕೊಟ್ಟು ಬರೋಣ.”

“ಇಲ್ಲಿ ಹಾಗೆಲ್ಲಾ ಹೇಳ್ದೆ ಕೇಳ್ದೆ ಹೋಗಲ್ಲಮ್ಮಾ!”

“ಸಾಕು ಸುಮ್ನಿರೇ.”

ಬೆಲ್ ಒತ್ತಿಯೇಬಿಟ್ಟಳು. ಸರಪಳಿ ಹಾಕಿದ್ದಂತೆಯೇ ಬಾಗಿಲು ನಾಲ್ಕು ಬೆರಳು ತೆರೆಯಿತು. ಬಿಳಿ ಕೂದಲು, ಬಿಗಿದ ತುಟಿ. ಅಮ್ಮ ಡಬ್ಬಿ ಮುಂದೆ ಹಿಡಿದು, “ಹೇಳೇ, ಕಾಗದ ನೋಡಿ ತುಂಬಾ ಖುಷಿ ಆಯ್ತು ಅಂತ” ಎಂದಳು. ಹಿಂದೆ ಅಮ್ಮ, ಮುಂದೆ ಬಿರ್ಗಿಟ್ಟಾ. ಓಡಿಹೋಗಲು ದಾರಿಯಿರಲಿಲ್ಲ. ನಾನು ಸ್ವೀಡಿಷ್‌ನಲ್ಲಿ ಗಡಗಡ ನಿಜ ಕಕ್ಕಿದೆ: “ನಿಮ್ಮ ಚೀಟಿಗೆ ಅಮ್ಮ ಥ್ಯಾಂಕ್ಸ್ ಹೇಳ್ತಿದಾಳೆ. ಬಟ್ಟೆ ಘಮಘಮ ಅಂತ ನೀವು ಬರೆದಿದೀರ ಅಂತ ನಾನು ಸುಳ್ಳು ಹೇಳಿದೀನಿ.”

ಮುದುಕಿ ನನ್ನನ್ನೇ ನೋಡಿದಳು. ಬಾಗಿಲು ಮುಚ್ಚಿತು. ಒಳಗೆ ಸರಪಳಿ ಕಳಚಿದ ಸದ್ದಾಯಿತು. ಮತ್ತೆ ಬಾಗಿಲು ತೆರೆದು ಹೊರಬಂದು, ಅಮ್ಮನ ದುಪಟ್ಟಾದ ಅಂಚು ಹಿಡಿದು ಮೂಸಿ, ನಿಧಾನವಾಗಿ ಏನೋ ಹೇಳಿದಳು.

“ಏನಂದ್ರೇ?”

“ಘಮ್ಮಂತಿದೆ ಅಂದ್ರು,” ಎಂದೆ. ಈ ಸಲ ಅದು ನಿಜವಾಗಿತ್ತು. ಇಬ್ಬರೂ ಅಲ್ಲೇ ನಿಂತು ಕೋಡುಬಳೆ ಕಡಿದರು. ಆ ಕಟಕಟ ಸದ್ದಿಗೆ ಮೂರು ಬಾಗಿಲ ಕಿಂಡಿಗಳು ಕಪ್ಪಾದದ್ದನ್ನು ನಾನು ನೋಡಿದೆ.

ಬಿರ್ಗಿಟ್ಟಾ ಈಗಿಲ್ಲ. ನಾನು ದೂರದ ಮಾಲ್ಮೋ ನಗರದಲ್ಲಿದ್ದೇನೆ, ಮನೆಯಲ್ಲೇ ವಾಷಿಂಗ್ ಮೆಷಿನ್ ಇದೆ. ಅಮ್ಮ ಇನ್ನೂ ಅಲ್ಲೇ ಇದ್ದಾಳೆ, ಅವಳಿಗೂ ಆ ಊರಿಗೂ ನಡುವೆ ಈಗ ಯಾರೂ ನಿಂತಿಲ್ಲ. ಚೀಟಿಯ ಮೇಲೆ ಫೋನ್ ಹಿಡಿದರೆ ಒಂದಕ್ಷರ ಬಿಡದೆ ಎಲ್ಲ ಓದಿಬಿಡುತ್ತದೆ, ಅದಕ್ಕೆ ಕರುಣೆಯಿಲ್ಲ. ಮೊನ್ನೆ ಹಾಗೆ ಒಂದನ್ನು ಓದಿಕೊಂಡು ನೊಂದು ನನಗೆ ಫೋನ್ ಮಾಡಿದಳು.

“ಎಷ್ಟು ಒರಟಾಗಿ ಬರೀತಾರೆ ನೋಡೇ. ಆಗೆಲ್ಲಾ ಜನ ಹೀಗಿರ್ಲಿಲ್ಲ, ಅಲ್ವಾ?”

“ಇರ್ಲಿಲ್ಲಮ್ಮಾ,” ಎಂದೆ.