ನದಿ ದಂಡೆಯ ಬಿಸಿ ಹಂಚು

ಮೆರೆಲಿನ್ ಕೊವಾಚ್ ನದಿ ದಂಡೆಯ ಪಾರ್ಕಿನ ಬಾರ್ಬೆಕ್ಯೂ ಹಂಚಿನ ಮೇಲೆ ಅಂಗೈ ಚಾಚಿದಳು. ಯಾರು ಬೇಕಾದರೂ ಗುಂಡಿ ಒತ್ತಿ ಅಡುಗೆ ಮಾಡಿಕೊಳ್ಳುವ ಕರೆಂಟಿನ ಹಂಚು ಅದು; ಸ್ವಲ್ಪ ಹೊತ್ತು ಕಾದು ತಾನೇ ಆರುತ್ತದೆ. ಸುತ್ತ ಯಾರೂ ಇಲ್ಲ, ಹಂಚು ಮಾತ್ರ ಸುಡುತ್ತಿದೆ. ಬ್ರಿಸ್ಬೇನಿನ ಪಾರ್ಕುಗಳೆಲ್ಲ ಅವಳ ಉಸ್ತುವಾರಿಯಲ್ಲಿದ್ದವು. ಈ ಹಂಚು ಸುಮ್ಮನೆ ಕರೆಂಟು ತಿನ್ನುತ್ತಿದೆ, ಗುಂಡಿ ಕೆಟ್ಟಿರಬೇಕು, ಸೋಮವಾರ ಕಿತ್ತುಬಿಡೋಣ ಎಂದಿದ್ದ ಎಂಜಿನಿಯರ್ ಡರ್ಮಟ್. ನೋಡಿದರೆ ಗುಂಡಿ ಸರಿಯಾಗಿಯೇ ಇದೆ. ಹಾಗಾದರೆ ಒತ್ತುವವರು ಯಾರು? ಅವಳು ಪಕ್ಕದ ಬೆಂಚಿನಲ್ಲಿ ಕೂತಳು.

ಎದುರಿನ ಆಸ್ಪತ್ರೆಯಿಂದ ನರ್ಸ್ ಒಬ್ಬಳು ಊಟದ ಬಿಡುವಿನಲ್ಲಿ ಬಂದು, ಗುಂಡಿ ಮುಟ್ಟದೆ ಬಿಸಿ ಹಂಚಿನ ಮೇಲೆ ಮೊಟ್ಟೆ ಒಡೆದಳು. ತಿಂದಾದ ಮೇಲೆ ಹಂಚನ್ನು ಕೆರೆದು ಒರೆಸಿ, ಗುಂಡಿ ಒತ್ತಿ ಹೊರಟಳು.

“ಹೋಗ್ತಾ ಯಾಕಮ್ಮ ಒತ್ತಿದೆ?”

“ಮುಂದಿನವರಿಗೆ. ಇದು ಬಿಸಿಯಾಗೋದ್ರಲ್ಲೇ ನಮ್ಮ ಬಿಡುವು ಅರ್ಧ ಮುಗಿದಿರುತ್ತೆ.”

“ಯಾರೂ ಬರದಿದ್ರೆ?”

“ಬರ್ತಾರೆ. ನಂಗೂ ಯಾರೋ ಬಿಸಿ ಮಾಡಿಟ್ಟಿದ್ರಲ್ಲ! ನೀವೇನಕ್ಕಾ, ಒಂದು ಸಾಸೇಜೂ ಇಲ್ದೆ ಕೈ ಬೀಸ್ಕೊಂಡು ಬಂದಿದ್ದೀರಿ?”

ಅವಳು ಹೋದ ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಆಳೊಬ್ಬ ಮಾಂಸದ ಪೊಟ್ಟಣ ಹಿಡಿದು ಓಡೋಡಿ ಬಂದ. ಹಂಚು ಬಿಸಿಯಾಗಿಯೇ ಇತ್ತು.

ಮೆರೆಲಿನ್ ಫೋನು ತೆಗೆದಳು. “ಡರ್ಮಟ್, ಹಂಚು ಕೀಳೋದು ಬೇಡ.”

“ಗುಂಡಿ ಕೆಟ್ಟಿಲ್ವಾ ಬಾಸ್?”

“ಇಲ್ಲ ಮಾರಾಯ. ಜನ ಬಿಸಿ ಮಾಡಿಟ್ಟು ಹೋಗ್ತಿದ್ದಾರೆ.”

ಸೋಮವಾರ ಇಲಾಖೆಯ ಲಾರಿ ಬಂತು. ಕೆಲಸದವರು ಹಂಚಿಗೆ ಶಾಖ ಹಿಡಿದಿಡುವ ಮುಚ್ಚಳ ಕೂರಿಸಿ ಹೋದರು.